ತಿಳಿನೀರಿನ ತಪ್ಪು

“ಕೊಳೆ ಎಲ್ಲಿದೆ?” ಕಾಲುವೆಯ ದಂಡೆಯ ಮೇಲೆ ನಿಂತಿದ್ದ ಅಧಿಕಾರಿ ಮತ್ತೊಮ್ಮೆ ಕೇಳಿದರು.

ಬಟ್ಟೆಗೆ ಬಣ್ಣ ಹಾಕುವ ಆ ಕಾರ್ಖಾನೆಯ ಯಜಮಾನರು ಬಗ್ಗಿ ಕಾಲುವೆಯನ್ನು ನೋಡಿದರು. ತಳದ ಬೆಣಚುಕಲ್ಲು ಒಂದೊಂದೂ ಕಾಣುತ್ತಿತ್ತು. ಎರಡು ಬಿಳಿ ಬಾತುಕೋಳಿಗಳು ತಮ್ಮ ಪಾಡಿಗೆ ಜಗಳವಾಡುತ್ತ ತೇಲುತ್ತಿದ್ದವು.

“ಇತ್ತು ಸಾರ್, ದೇವರಾಣೆಗೂ ಇತ್ತು,” ಎಂದರು, ಕಳ್ಳತನದಲ್ಲಿ ಸಿಕ್ಕಿಬಿದ್ದವರ ದನಿಯಲ್ಲಿ. “ನಾವು ಕೆಂಪು ಹಾಕಿದ ದಿನ ಕಾಲುವೆ ಕೆಂಪು, ಹಸಿರು ಹಾಕಿದ ದಿನ ಹಸಿರು. ಆಚೆ ಬೀದಿಯವರು ನೀರು ನೋಡೇ ನಮಗೆ ಏನು ಆರ್ಡರ್ ಬಂದಿದೆ ಅಂತ ಹೇಳ್ತಿದ್ರು. ಈ ಹುಡುಗಿ ಬಂದಳು ನೋಡಿ, ಎಲ್ಲ ಹಾಳಾಯ್ತು!”

ಪಕ್ಕದಲ್ಲೇ ನಿಂತಿದ್ದ ಹುಡುಗಿ ಪರಿಸರ ವಿಜ್ಞಾನದ ಕೊನೆಯ ವರ್ಷದ ವಿದ್ಯಾರ್ಥಿನಿ. ಪರಿಸರದ ಕೆಲಸಕ್ಕೆಂದು ವಿದ್ಯಾರ್ಥಿಗಳನ್ನು ಇಟ್ಟುಕೊಂಡರೆ ಸಂಬಳದ ಹೆಚ್ಚಿನ ಪಾಲು ಸರ್ಕಾರವೇ ಕೊಡುತ್ತದೆ ಎಂದು ಯಾರೋ ಹೇಳಿದ್ದೇ ತಡ, ಯಜಮಾನರು ಅವಳನ್ನು ಸೇರಿಸಿಕೊಂಡಿದ್ದರು. ಪರಿಸರದ ಮೇಲೆ ಪ್ರೀತಿ ಉಕ್ಕಿ ಅಲ್ಲ. ಹೆಚ್ಚುಕಮ್ಮಿ ಪುಕ್ಕಟೆಗೆ ಒಬ್ಬಳು ಸಿಕ್ಕರೆ ಬಟ್ಟೆ ಮಡಿಸುವುದಕ್ಕಾದರೂ ಆದಾಳು ಎಂದು. ಅವಳೋ ಬಟ್ಟೆಯ ಕಡೆ ತಿರುಗಿಯೂ ನೋಡಲಿಲ್ಲ. ಹಿತ್ತಲಲ್ಲಿ ಗುಂಡಿ ತೋಡಿಸಿದಳು, ಮರಳು, ಇದ್ದಿಲು ತುಂಬಿಸಿದಳು, ಮೇಲೆ ಜೊಂಡು ನೆಟ್ಟಳು. ಬಣ್ಣದ ನೀರು ಅದರೊಳಗೆ ಇಳಿದು ತಿಳಿಯಾಗಿ ಕಾಲುವೆ ಸೇರತೊಡಗಿತು. ಎಲ್ಲಿಂದಲೋ ಬಾತುಕೋಳಿಗಳು ಬಂದವು. ಕಲ್ಲು ಹೊಡೆದು ಓಡಿಸಲು ಹೋದ ಯಜಮಾನರು ಮಾರನೆಯ ದಿನ ಜೇಬಿನಲ್ಲಿ ಕಾಳು ತುಂಬಿಕೊಂಡು ಬಂದರು. ಸದಾ ಕಚ್ಚಾಡುವ ಜೋಡಿಗೆ ಅತ್ತೆ, ಸೊಸೆ ಎಂದು ಹೆಸರನ್ನೂ ಇಟ್ಟರು.

“ಸಾರ್, ನಾನೇ ಸ್ವಚ್ಛ ಮಾಡಿದ್ದು. ಅದೇ ನನ್ನ ಕೆಲಸ,” ಎಂದಳು ಹುಡುಗಿ.

“ಮಾಡಿಬಿಟ್ರಲ್ಲಮ್ಮ, ಅದೇ ತಾಪತ್ರಯ! ಮಾಡಿ ಮುಗಿಸಿದ್ದಕ್ಕೆ ಸಬ್ಸಿಡಿ ಇಲ್ಲ, ಮಾಡ್ತಾ ಇರೋದಕ್ಕೆ ಮಾತ್ರ. ಕೊಳೆ ಇಲ್ಲ ಅಂದ್ರೆ ಕೆಲಸ ಇಲ್ಲ, ಕೆಲಸ ಇಲ್ಲ ಅಂದ್ರೆ ಹುದ್ದೆ ಇಲ್ಲ.” ಸಬ್ಸಿಡಿಯ ತಪಾಸಣೆಗೆ ಬಂದಿದ್ದ ಆ ಅಧಿಕಾರಿಯೇನೂ ಕೆಟ್ಟವರಲ್ಲ. ಹುಡುಗಿಯ ಮುಖ ಬಾಡಿದ್ದು ಕಂಡು ಅವರಿಗೂ ಕರುಳು ಚುರ್ ಎಂದಿತು. “ಊಟ ಮುಗಿಸ್ಕೊಂಡು ಬರ್ತೀನಿ. ಅಷ್ಟರಲ್ಲಿ ಏನಾದ್ರೂ ಕೆಲಸ ಕಣ್ಣಿಗೆ ಬಿದ್ರೆ ನನಗೂ ಸಂತೋಷನೇ.”

ಅವರ ಕಾರು ಗೇಟು ದಾಟಿತು. ಯಜಮಾನರು ಹುಡುಗಿಯ ಕಡೆ ತಿರುಗಿದರು. “ಹೋಗ್ಲಿ ಬಿಡಮ್ಮ. ಪೂರ್ತಿ ಸಂಬಳ ನಾನೇ ಕೊಡ್ತೀನಿ.” ಹೇಳಿದ ಮೇಲೆ ಅವರಿಗೇ ಗಾಬರಿಯಾಯಿತು. ಜನ್ಮದಲ್ಲಿ ಇಂಥ ಮಾತು ಆ ಬಾಯಿಂದ ಬಂದಿರಲಿಲ್ಲ.

“ನೀವು ಕೊಟ್ರೆ ಕಾಲೇಜಲ್ಲಿ ಒಪ್ಪಲ್ಲ ಸಾರ್. ಈ ಯೋಜನೆಯ ಹುದ್ದೇಲೇ ವರ್ಷ ಪೂರ್ತಿ ಮಾಡಿರಬೇಕು. ಇಲ್ಲಾಂದ್ರೆ ಡಿಗ್ರಿ ಇಲ್ಲ. ಮನೇಲಿ ನಮ್ಮಪ್ಪ ಆಗ್ಲೇ, ಚರಂಡಿ ನೋಡೋದಕ್ಕೆ ಇಷ್ಟೆಲ್ಲ ಓದ್ಬೇಕಿತ್ತಾ ಅಂತಿದಾರೆ.”

ಯಜಮಾನರು ಒಳಗೆ ಹೋಗಿ ಬಕೆಟ್ ತುಂಬ ನೀಲಿ ಬಣ್ಣ ತಂದರು. ತೊಟ್ಟಿಗಟ್ಟಲೆ ಬಣ್ಣವನ್ನು ಎಗ್ಗಿಲ್ಲದೆ ಇದೇ ಕಾಲುವೆಗೆ ಸುರಿದಿದ್ದ ಮನುಷ್ಯ ಈಗ ಬಕೆಟ್ ಎತ್ತಿ ಹಾಗೇ ನಿಂತರು. ಕಾಳಿನ ಆಸೆಗೆ ಅತ್ತೆ ನೆಟ್ಟಗೆ ಅವರ ಕಾಲಬುಡಕ್ಕೇ ಈಜಿ ಬಂದಳು.

“ನನ್ನ ಕೈಲಾಗಲ್ಲ ಕಣಮ್ಮ.”

“ಹಳದಿ ಇದ್ರೆ ತನ್ನಿ ಸಾರ್. ಅದು ಇಷ್ಟು ವಿಷ ಅಲ್ಲ.”

“ಹಳದಿ ಎಲ್ಲಿ ಕಾಣುತ್ತೆ? ಆ ಅಧಿಕಾರಿ ಕನ್ನಡಕ ನೋಡಿದ್ಯಾ, ಗೋಲಿ ಸೋಡಾ ಬಾಟ್ಲಿ ತಳದ ಹಾಗಿದೆ!”

ಹುಡುಗಿ “ಹುಶ್, ಹುಶ್” ಎಂದು ಬಾತುಕೋಳಿಗಳನ್ನು ಅಟ್ಟಿದಳು. ಸೊಸೆ ದೂರ ಹೋದಳು. ಅತ್ತೆ ಯಾರ ಮಾತು ಕೇಳಿದವಳು? ಹುಡುಗಿ ಬಕೆಟ್ ಕಿತ್ತುಕೊಂಡು, ಕಣ್ಣು ಮುಚ್ಚಿ, ಸುರಿದೇಬಿಟ್ಟಳು. ಕಣ್ಣು ಬಿಡುವಷ್ಟರಲ್ಲಿ ತಳದ ಕಲ್ಲುಗಳು ಮಾಯವಾಗಿದ್ದವು.

ಊಟ ಮುಗಿಸಿ ಬಂದ ಅಧಿಕಾರಿಯ ಮುಖ ಅರಳಿತು. “ಅಯ್ಯೋ, ಇಷ್ಟು ದೊಡ್ಡ ಕೆಲಸ ಇಟ್ಕೊಂಡು ಆಗ ಬಾಯಿ ಮುಚ್ಕೊಂಡು ನಿಂತಿದ್ರಲ್ರೀ! ಇದು ಒಬ್ಬಳ ಕೈಲಿ ಆಗೋದಲ್ಲ. ಇನ್ನೊಬ್ಬ ವಿದ್ಯಾರ್ಥಿನ ಮಂಜೂರು ಮಾಡಿಸ್ತೀನಿ.”

ಯಜಮಾನರ ಕಣ್ಣು ಮಾತ್ರ ಕಾಲುವೆಯ ಕಡೆಗಿತ್ತು. ಅತ್ತೆ ದಂಡೆ ಹತ್ತಿ ಬರುತ್ತಿದ್ದಳು. ಕತ್ತಿನಿಂದ ಕೆಳಗೆಲ್ಲ ನೀಲಿ. ಸೊಸೆ ಹತ್ತಿರ ಬಂದು ನೋಡಿ, ಗುರುತೇ ಇಲ್ಲದವಳ ಹಾಗೆ ಪಕ್ಕಕ್ಕೆ ಸರಿದು ಹೋದಳು. ಜಗಳಕ್ಕೂ ನಿಲ್ಲಲಿಲ್ಲ.

ಹುಡುಗಿ ಅಲ್ಲೇ ಮಣ್ಣಿನಲ್ಲಿ ಕೂತು, ಅತ್ತೆಯನ್ನು ತೊಡೆಯ ಮೇಲೆ ಎಳೆದುಕೊಂಡು, ಕರ್ಚೀಫಿನಿಂದ ಉಜ್ಜತೊಡಗಿದಳು. ಉಜ್ಜಿದಷ್ಟೂ ಬಣ್ಣ ಬಿಳಿ ಇದ್ದ ಕತ್ತಿಗೂ ಹರಡಿತು. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು.

“ಹಾಂ, ಹಾಗೇ ಒರೆಸ್ತಾ ಇರಮ್ಮ,” ಎಂದು ಅಧಿಕಾರಿ ಫೋನ್ ತೆಗೆದರು. “ಕೆಲಸ ನಡೀತಿರೋದಕ್ಕೆ ಒಂದು ಫೋಟೋ ಬೇಕು. ಸ್ವಲ್ಪ ನಗು.”