ಒಂದು ಮಳೆಗಾಲದ ಗೆರೆ

“ಡಬ್ಬದ ಬಣ್ಣ ಬೇಡ ಅಜ್ಜೀ, ಒಂದೇ ಮಳೆಗಾಲಕ್ಕೆ ತೊಳ್ದುಹೋಗುತ್ತೆ. ಬಣ್ಣದ ಪುಡಿ ಕಾಯಿಸಿ ಕರಗಿಸಿ ಸುರಿದ್ರೆ ಐದು ವರ್ಷ ಅಲ್ಲಾಡಲ್ಲ,” ಎಂದ ಗೆರೆ ಬಳಿಯುವ ರೋಡೆಲ್.

ಇಲೊಯ್ಲೊ ಊರಿನ ಆ ವಠಾರದಲ್ಲಿ ಗಾಲಿಕುರ್ಚಿ ಬಳಸುವವರ ಕಾರು ನಿಲ್ಲಿಸಲೆಂದು ನೆಲದ ಮೇಲೆ ಗೆರೆ ಎಳೆದು ಜಾಗ ಗುರುತಿಸಬೇಕಿತ್ತು. ಗಾಲಿಕುರ್ಚಿಯ ಮುದುಕ ಕಾರಿನೊಳಗಿಂದಲೇ ನಕ್ಕ. “ಐದು ವರ್ಷದ್ದೇ ಹಾಕಪ್ಪಾ. ಇವಳು ಮೊದಲಿಂದ್ಲೂ ಜಿಪುಣಿ.”

ಅವನ ಹೆಂಡತಿ ಮಿಲಾಗ್ರೊಸ್ ಕಾರಿಗೆ ಬೆನ್ನು ಹಾಕಿ ನಿಂತು ದನಿ ತಗ್ಗಿಸಿದಳು. “ಡಬ್ಬದ್ದೇ ಹಾಕು. ಮುಂದಿನ ಮಳೆಗಾಲದವರೆಗೂ ಇವ್ರು ಇರ್ತಾರೆ ಅಂತ ಡಾಕ್ಟರು ಹೇಳಿಲ್ಲ. ಯಜಮಾನ್ರಿಗೆ ಅದು ಗೊತ್ತಿಲ್ಲ. ಅವ್ರು ಹೋದ್ಮೇಲೆ ದಿನಾ ಈ ಗೆರೆ ನೋಡ್ಕೊಂಡು ನಾನು ಹೆಂಗಪ್ಪಾ ಇರ್ಲಿ?”

ರೋಡೆಲ್ ಸದ್ದಿಲ್ಲದೆ ಡಬ್ಬದ ಮುಚ್ಚಳ ತೆಗೆದ. ಆಮೇಲೆ ಮುದುಕನಿಗೆ ಕಾಣುವಂತೆ ಒಲೆ ಹೊತ್ತಿಸಿ, ಖಾಲಿ ಕಡಾಯಿ ಏರಿಸಿ, “ಪುಡಿ ಕಾಯೋಕೆ ಸ್ವಲ್ಪ ಹೊತ್ತು ಬೇಕು, ಅಜ್ಜಾ,” ಎಂದ.