ಬಿಚ್ಚದೆ ಬಿಟ್ಟ ಗಂಟು

ಕೊಳೆ ಬೆಡ್‌ಶೀಟಿನ ಮೂಲೆಯಲ್ಲಿ ಮತ್ತೆ ಗಂಟು. ಮಗಳ ತಲೆಯ ಸಿಕ್ಕು ಬಿಡಿಸುವಷ್ಟೇ ತಾಳ್ಮೆಯಿಂದ ಬಟ್ಟೆ ಒಗೆಯುವವಳು ಅದಕ್ಕೆ ಉಗುರು ಹಾಕಿದಳು. ಹಗ್ಗದ ಹಾಗೆ ಹೊಸೆದು ಬಿಗಿದಿದ್ದರು. ಅದು ಹನ್ನೊಂದನೇ ಮಂಚದ್ದು. ಆರೈಕೆ ಕೇಂದ್ರದವರೆಲ್ಲ ಪುಟ್ಟಿ ಎಂದು ಕರೆಯುವ, ನಲವತ್ತು ದಾಟಿದರೂ ಮಾತು ಬಾರದ ಹೆಂಗಸಿನದು. ಅವಳ ಎರಡೂ ಮಣಿಕಟ್ಟಿನಲ್ಲಿ ಬಳೆ ತೊಟ್ಟಂತೆ ಕೆಂಪು ಬರೆ ಎದ್ದಿತ್ತು.

"ಅವಳನ್ನ ಮಂಚಕ್ಕೆ ಕಟ್ಟಿಹಾಕ್ತಿದಾರೆ ಸಾರ್" ಎಂದು ಮ್ಯಾನೇಜರಿಗೆ ಮೂರು ಸಲ ಹೇಳಿಯಾಗಿತ್ತು. ಗೋಡೆಗೆ ಹೇಳಿದ್ದರೆ ಪ್ರತಿಧ್ವನಿಯಾದರೂ ಬರುತ್ತಿತ್ತು. ನಿನ್ನೆಯಂತೂ ಆತ, ಅವಳೇ ಒಗೆದು ಮಡಿಸಿಟ್ಟಿದ್ದ ಆ ಮಂಚದ ಬೆಡ್‌ಶೀಟನ್ನು ಕಪಾಟಿನಿಂದ ತೆಗೆದು ಅವಳ ಮುಂದೆ ಹರಡಿದ್ದ. "ಎಲ್ಲಿದೆಯಮ್ಮ ಕಟ್ಟಿದ ಗುರುತು, ತೋರಿಸು? ಒಂದು ಸುಕ್ಕಾದ್ರೂ ಇದೆಯಾ? ನಿನ್ನ ಇಸ್ತ್ರಿ ಅಂದ್ರೆ ಇಸ್ತ್ರಿ ಬಿಡು!"

ಈಗ ಕೈಯಲ್ಲಿದ್ದ ಗಂಟು ಅರ್ಧ ಸಡಿಲವಾಗಿತ್ತು. ಉಗುರು ಅಲ್ಲೇ ನಿಂತಿತು. ಕಟ್ಟಿದವರು ಯಾರೋ, ಇಷ್ಟು ದಿನ ಬಿಚ್ಚಿ, ಒಗೆದು, ಸುಕ್ಕು ತೀಡಿ ಗುರುತು ಅಳಿಸಿದವಳು ಮಾತ್ರ ತಾನೇ.

"ಇನ್ನೂ ಆಗಿಲ್ವೇನೇ?" ವಾರ್ಡಿನ ಆಯಾ ಬಾಗಿಲಲ್ಲಿ ನಿಂತಿದ್ದಳು. "ತಪಾಸಣೆಯವರು ಬಂದು ಆಫೀಸಲ್ಲಿ ಕೂತಿದಾರೆ. ಹನ್ನೊಂದನೇ ಮಂಚಕ್ಕೆ ಒಗೆದ ಬೆಡ್‌ಶೀಟ್ ಕೊಡು, ಬೇಗ."

ಬಟ್ಟೆ ಒಗೆಯುವವಳು ಆ ಬೆಡ್‌ಶೀಟನ್ನು ಮಲಗಿದ ಮಗುವಿನಂತೆ ತೋಳಿಗೆ ಎತ್ತಿಕೊಂಡು ಬಾಗಿಲು ದಾಟಿದಳು.

"ಅಯ್ಯೋ, ಕೊಳೇದನ್ನ ಎಲ್ಲಿಗೆ ಹೊತ್ಕೊಂಡು ಹೊರಟೆ? ಗಂಟೂ ಬಿಚ್ಚಿಲ್ಲ!"

"ಆಫೀಸಿಗೆ" ಎಂದಳು ಅವಳು. "ಕಟ್ಟಿದವರೇ ಬಂದು ಬಿಚ್ಚಲಿ, ತಪಾಸಣೆಯವರ ಮುಂದೆ."