ಕೆಂಚವ್ವ ಕೂಗಿದ ಹೆಸರು

ಮಹಾಂತಪ್ಪನ ತುಟಿಗಳು ನೀಲಿಗಟ್ಟಿದ್ದವು. ಸೊಂಟನೋವು ತಾಳಲಾರದೆ, ಡಾಕ್ಟರು ಒಂದೊಂದೇ ನುಂಗಲು ಹೇಳಿದ್ದ, ಅಫೀಮಿನ ಜಾತಿಯ ನೋವಿನ ಮಾತ್ರೆಗಳನ್ನು ಒಮ್ಮೆಲೇ ನಾಲ್ಕು ನುಂಗಿದ್ದ. ದಾಂಡೇಲಿಯ ಮಹಿಳಾ ಸಂಘದ ಕಟ್ಟೆಯ ಮೇಲೆ ಹೆಂಡತಿಗಾಗಿ ಕಾಯುತ್ತ ಕುಳಿತವನು ಅಲ್ಲೇ ಒರಗಿಬಿಟ್ಟಿದ್ದ. ಉಸಿರು ಆಗೊಮ್ಮೆ ಈಗೊಮ್ಮೆ ಬರುತ್ತಿತ್ತು.

ಒಳಗಿದ್ದ ಹೆಂಗಸರು ಗಾಬರಿಯಾದರೂ ಕೈಕಟ್ಟಿ ನಿಲ್ಲಲಿಲ್ಲ. ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ಸಂಘದವಳೇ ಆದ ನರ್ಸ್ ರಾಜಶ್ರೀ ಹೋದ ತಿಂಗಳಷ್ಟೇ ಅವರಿಗೆ ಕಲಿಸಿದ್ದಳು. ಒಬ್ಬಳು 108ಕ್ಕೆ ಫೋನ್ ಹಚ್ಚಿದಳು. ಮಹಾದೇವಕ್ಕ ಅವನ ಗದ್ದ ಎತ್ತಿ, ಮೂಗು ಹಿಡಿದು, ಬಾಯಿಗೆ ಬಾಯಿಟ್ಟು ಉಸಿರು ಊದತೊಡಗಿದಳು. ಇದಕ್ಕೆಂದೇ ಸಂಘದಲ್ಲಿ ಇಟ್ಟಿದ್ದ, ಅಂಥ ಮಾತ್ರೆಯ ಅಮಲು ಇಳಿಸಿ ಉಸಿರು ಮರಳಿಸುವ ನಲೋಕ್ಸೋನ್ ಇಂಜೆಕ್ಷನ್ನನ್ನು ರಾಜಶ್ರೀ ಅವನ ತೊಡೆಗೆ ಚುಚ್ಚಿದಳು.

“ಕೆಂಚವ್ವಾರ, ಹೆಸರು ಹಿಡದು ಜೋರಾಗಿ ಕರೀರಿ! ನಿಮ್ಮ ದನಿ ಅವ್ರಿಗೆ ಗುರ್ತ ಐತಿ,” ಎಂದಳು.

ಕೆಂಚವ್ವ ಗಂಡನ ಕೆನ್ನೆ ತಟ್ಟಿದಳು. “ಏನ್ರೀ... ಇಲ್ಲಿ ನೋಡ್ರಿ...” ಮದುವೆಯಾಗಿ ಮೂವತ್ತೆಂಟು ವರ್ಷ, ಒಮ್ಮೆಯೂ ಆ ಹೆಸರು ಅವಳ ಬಾಯಿಂದ ಬಂದಿರಲಿಲ್ಲ, ರೇಷನ್ ಅಂಗಡಿಯಲ್ಲೂ ಮಗಳೇ ಹೇಳಬೇಕಿತ್ತು. ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಗ್ಗಿ, ಓಣಿಗೆಲ್ಲ ಕೇಳುವಂತೆ ಕೂಗಿದಳು: “ಮಹಾಂತಪ್ಪಾ! ಏಳೋ ಮಹಾಂತಪ್ಪಾ!”

ಅವನ ಎದೆ ದೊಡ್ಡದಾಗಿ ಉಬ್ಬಿತು. ಇನ್ನೊಮ್ಮೆ ಉಬ್ಬಿತು. ಮಹಾಂತಪ್ಪ ಕಣ್ಣು ಬಿಟ್ಟ.

“ಯಾರದು, ನನಗ ‘ಏಳೋ’ ಅಂದವ್ರು?”

“ನಾನ ರೀ,” ಎಂದಳು ಕೆಂಚವ್ವ, ಅಳುತ್ತಲೇ ನಗುತ್ತ. “ಆಂಬುಲೆನ್ಸ್ ಬರೂತನಕ ಕಣ್ಣು ಮುಚ್ಚಿದ್ರ ಮತ್ತ ಹಂಗ ಕರೀತೇನಿ, ನೋಡ್ರಿ!”